ಹೆಬ್ಬೆಟ್ಟು ಮತ್ತು ತೋರುಬೆರಳು: ಕೊಡಗಿನ ಮತಗಟ್ಟೆಯ ಸಾಮಗ್ರಿಗಳ ಒಂದು ಚರಿತ್ರೆ

ಕೊಡಗಿನ ತೋಟಗಳಲ್ಲಿ ದುಡಿದವರ ಎಡಗೈಯ ಎರಡು ಬೆರಳುಗಳಿಗೆ ಎರಡು ಬೇರೆ ಬೇರೆ ಚರಿತ್ರೆಗಳಿವೆ. ಹೆಬ್ಬೆರಳಿನ ಚರಿತ್ರೆ ಹಳೆಯದು. ಅದು ಸಾಲಪತ್ರ, ಮುಂಗಡದ ಚೀಟಿ, ಕರಾರುಗಳ ಚರಿತ್ರೆ. ತೋರುಬೆರಳಿನದು ಈಚಿನದು, ಅದು ಆರಂಭವಾಗುವುದು 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ. ಒಂದರಲ್ಲಿ ಮಸಿ ಬೆರಳಿನಿಂದ ಕಾಗದಕ್ಕೆ ಹೋಗುತ್ತದೆ, ಇನ್ನೊಂದರಲ್ಲಿ ಸೀಸೆಯಿಂದ ಬೆರಳಿಗೆ ಬರುತ್ತದೆ. ಮೇಲುನೋಟಕ್ಕೆ ಅಲ್ಪವೆನಿಸುವ ಈ ವ್ಯತ್ಯಾಸದಲ್ಲಿ ಕೊಡಗಿನ ಶ್ರಮಿಕ ಸಮುದಾಯಗಳು ಪ್ರಜೆಗಳಾದ ಕಥನದ ಬಹುಪಾಲು ಅಡಗಿದೆ. ಚುನಾವಣೆಯ ಅಧ್ಯಯನಗಳು ಸಾಮಾನ್ಯವಾಗಿ ಗೆದ್ದವರನ್ನು, ಸೋತವರನ್ನು, ಶೇಕಡಾವಾರು ಲೆಕ್ಕವನ್ನು ನೋಡುತ್ತವೆ. ಪೆಟ್ಟಿಗೆ, ಚಿಹ್ನೆ, ಅರಗು, ಶಾಯಿ ಇವುಗಳನ್ನು ಭೌತಿಕ ಸಂಸ್ಕೃತಿಯ ವಸ್ತುಗಳೆಂದು ನೋಡುವ ಕೆಲಸ ಜಾನಪದದ ಪಾಲಿಗೆ ಉಳಿದಿದೆ.

ವಿರಾಜಪೇಟೆಯಿಂದ ಗೋಣಿಕೊಪ್ಪಲಿನತ್ತ ಸಾಗುವ ದಾರಿಯಲ್ಲಿರುವ ಬಿಟ್ಟಂಗಾಲ ಇಂಥ ಅಧ್ಯಯನಕ್ಕೆ ಒಪ್ಪುವ ನೆಲೆ. ಕಾಫಿ ತೋಟ, ಅದರ ನಡುವೆ ತಗ್ಗಿನ ಗದ್ದೆ, ಒಕ್ಕಗಳ ಐನ್‌ಮನೆ, ಕೂಲಿಗಳ ಲೈನ್‌ಮನೆ ಇವೆಲ್ಲ ಒಂದೇ ಗ್ರಾಮದ ಗಡಿಯೊಳಗೆ ಕೂಡಿರುವುದು ದಕ್ಷಿಣ ಕೊಡಗಿನ ಈ ಭಾಗದ ರೂಢಿ. ಇಲ್ಲಿನ ಸಾಂಪ್ರದಾಯಿಕ ತೀರ್ಮಾನದ ಕ್ರಮದಲ್ಲಿ ಎಣಿಕೆಗೆ ಸ್ಥಾನವಿರಲಿಲ್ಲ. ಊರಿಗೆ ಊರುತಕ್ಕ, ನಾಡಿಗೆ ನಾಡುತಕ್ಕ. ಮಂದ್‌ನಲ್ಲಿ ಕೂಡಿದ ಹಿರಿಯರು ಮಾತನಾಡಿ ಒಂದು ನಿಲುವಿಗೆ ಬರುವರು. ಬಾಯಿಂದ ಹೊರಟು ಎಲ್ಲರ ಕಿವಿಗೂ ಬಿದ್ದದ್ದೇ ತೀರ್ಪು. ಗುಟ್ಟಿಗೆ ಅಲ್ಲಿ ಅವಕಾಶವಿಲ್ಲ, ಅಗತ್ಯವೂ ಇಲ್ಲ. ಆದರೆ ಆ ಕೂಟದಲ್ಲಿ ಮಾತನಾಡುವ ಹಕ್ಕು ಒಕ್ಕಗಳಿಗಿತ್ತೇ ಹೊರತು ಗದ್ದೆಯಲ್ಲಿ ದುಡಿಯುವ ಯರವರಿಗಾಗಲಿ ಪಣಿಯರಿಗಾಗಲಿ ಇರಲಿಲ್ಲ ಎಂಬುದನ್ನು ಮರೆಯಲಾಗದು. ಮಂದ್‌ನ ಒಮ್ಮತವನ್ನು ಹಳೆಯ ಪ್ರಜಾಪ್ರಭುತ್ವವೆಂದು ಕೊಂಡಾಡುವ ಬರವಣಿಗೆಗಳು ಈ ಅಂಶವನ್ನು ಜಾರಿಸಿಬಿಡುತ್ತವೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಬಂದ ಮೊದಲ ಚುನಾಯಿತ ಸಂಸ್ಥೆ 1924ರ ಕೊಡಗು ಶಾಸಕಾಂಗ ಪರಿಷತ್ತು. ಅದರ ಇಪ್ಪತ್ತು ಸದಸ್ಯರಲ್ಲಿ ಹದಿನೈದು ಮಂದಿ ಚುನಾಯಿತರು. ಜಮ್ಮಾ ಹಿಡುವಳಿದಾರರು, ಜಮ್ಮಾ ಅಲ್ಲದವರು, ಯುರೋಪಿಯನ್ನರು ಎಂದು ಮತದಾರ ವರ್ಗಗಳು ವಿಂಗಡಣೆಯಾಗಿದ್ದವು. ಅಂದರೆ ಮತವು ಮನುಷ್ಯನಿಗಿಂತ ಮೊದಲು ಭೂಮಿಗೆ ಸೇರಿತ್ತು. ಒಕ್ಕದ ಆಸ್ತಿ ಪಟ್ಟೆದಾರನ ಹೆಸರಿನಲ್ಲಿ ದಾಖಲಾಗುತ್ತಿದ್ದ ನಾಡಿನಲ್ಲಿ ಇಂಥ ಮತಾಧಿಕಾರ ಯಾರ ಕೈಯಲ್ಲಿ ಉಳಿದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಇದೇ ಕಾಲದಲ್ಲಿ ತೋಟದ ಕೂಲಿಯ ಹೆಬ್ಬೆಟ್ಟು ಎಲ್ಲಿ ಬೀಳುತ್ತಿತ್ತು ಎಂಬುದನ್ನು ಜೊತೆಗಿಟ್ಟು ನೋಡಬೇಕು. ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಶಿಕ್ಷಿಸಲು ಅವಕಾಶ ನೀಡುತ್ತಿದ್ದ 1859ರ ಕಾಯಿದೆಯನ್ನು ಭಾರತ ಸರಕಾರ 1920ರ ದಶಕದ ನಡುವೆ ರದ್ದುಪಡಿಸಿತು. ಕೊಡಗಿನಲ್ಲಿ ಮಾತ್ರ 1926ರಲ್ಲಿ ಪ್ರತ್ಯೇಕವಾದೊಂದು ಕಾರ್ಮಿಕ ಕಾಯಿದೆ ತಂದು ಆ ಅಧಿಕಾರವನ್ನು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳಲಾಯಿತು. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಒತ್ತಿದ ಹೆಬ್ಬೆಟ್ಟು ಹೀಗೆ ಬರಿಯ ಗುರುತಾಗಿರಲಿಲ್ಲ, ಅದು ಕಟ್ಟು. ಕನ್ನಡದಲ್ಲಿ ‘ಹೆಬ್ಬೆಟ್ಟಿನವನು’ ಎಂದರೆ ಅಕ್ಷರ ಬಾರದವನು ಎಂಬುದು ಒಂದು ಅರ್ಥ. ‘ಹೆಬ್ಬೆಟ್ಟು ಒತ್ತಿಸಿಕೊಂಡರು’ ಎಂಬ ಮಾತಿನಲ್ಲಿ ಮೋಸಹೋದವನ ನೋವು ಇನ್ನೊಂದು ಅರ್ಥವಾಗಿ ನಿಂತಿದೆ. ಬೆರಳಿನ ಗೆರೆಗಳು ಲೋಕದಲ್ಲಿ ಒಬ್ಬನಂತೆ ಇನ್ನೊಬ್ಬನಿಗಿಲ್ಲವಾದ್ದರಿಂದಲೇ ಆ ಗುರುತು ಅವನನ್ನು ಹುಡುಕಿ ಹಿಡಿದು ತರಬಲ್ಲುದಾಗಿತ್ತು.

ಈ ಹಿನ್ನೆಲೆಯಲ್ಲಿ 1951-52ರ ಚುನಾವಣೆಯ ಸಾಮಗ್ರಿಗಳು ಬಂದವು. ಸಂವಿಧಾನವು ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಮತ ನೀಡಿತ್ತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಎದುರಿಗಿದ್ದ ಪ್ರಶ್ನೆ, ಓದು ಬಾರದ ಬಹುಸಂಖ್ಯಾತರಿಂದ ಗುಟ್ಟಾಗಿ ಮತ ಪಡೆಯುವುದು ಹೇಗೆ ಎಂಬುದು. ಉತ್ತರವು ಉಕ್ಕಿನಲ್ಲಿ ಬಂದಿತು. ದೇಶದಾದ್ಯಂತ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಉಕ್ಕಿನ ಮತಪೆಟ್ಟಿಗೆಗಳು ತಯಾರಾದವು; ಅದಕ್ಕೆ 8,200 ಟನ್ ಉಕ್ಕು ಹಿಡಿಯಿತು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತಪತ್ರದ ಮೇಲೆ ಯಾವ ಗುರುತನ್ನೂ ಮಾಡಬೇಕಾಗಿರಲಿಲ್ಲ. ಮರೆಯೊಳಗೆ ಹೋಗಿ ಒಪ್ಪಿದ ಚಿಹ್ನೆಯ ಪೆಟ್ಟಿಗೆಯಲ್ಲಿ ಕಾಗದ ಹಾಕಿ ಬಂದರೆ ಸಾಕು. ಒಬ್ಬರೇ ಎರಡು ಸಲ ಬಾರದಂತೆ ಬೆರಳಿಗೆ ಅಳಿಸಲಾಗದ ಶಾಯಿ. ಆ ಚುನಾವಣೆಗೆ 3,89,816 ಸೀಸೆ ಶಾಯಿ ಬಳಕೆಯಾಯಿತೆಂಬ ಲೆಕ್ಕ ಉಳಿದಿದೆ.

ಕೊಡಗು ಆಗ ‘ಸಿ’ ವರ್ಗದ ಪ್ರತ್ಯೇಕ ರಾಜ್ಯ. ಅದರ ವಿಧಾನಸಭೆಯ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹದಿನೆಂಟು ಕ್ಷೇತ್ರಗಳಿದ್ದವು. ಹನ್ನೆರಡು ಏಕಸದಸ್ಯ, ಆರು ದ್ವಿಸದಸ್ಯ. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ನೊಗ ಹೊತ್ತ ಜೋಡೆತ್ತು. ಅದಕ್ಕೆದುರಾಗಿ ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರ ಮುಂದಾಳ್ತನದಲ್ಲಿ, ಕೊಡಗು ಮೈಸೂರಿನಲ್ಲಿ ವಿಲೀನವಾಗಬಾರದೆಂಬ ನಿಲುವಿನಿಂದ ಕಣಕ್ಕಿಳಿದವರ ಚಿಹ್ನೆ ತಕ್ಕಡಿ. ಈ ಗುಂಪು ಚರಿತ್ರೆಯಲ್ಲಿ ಉಳಿದದ್ದೇ ‘ತಕ್ಕಡಿ ಪಕ್ಷ’ ಎಂಬ ಹೆಸರಿನಿಂದ. ಪೆಟ್ಟಿಗೆಯ ಮೇಲಿನ ಚಿತ್ರವು ಪಕ್ಷದ ಹೆಸರನ್ನೇ ನುಂಗಿ ತಾನೇ ಹೆಸರಾಗಿ ನಿಂತ ಈ ಪ್ರಸಂಗ ಜಾನಪದ ವಿದ್ವಾಂಸರ ಗಮನವನ್ನು ಇನ್ನೂ ಹೆಚ್ಚಾಗಿ ಸೆಳೆಯಬೇಕಿತ್ತು. ಅಚ್ಚಿನ ಪ್ರಣಾಳಿಕೆ ತಲುಪದೆಡೆಗೆ ಚಿತ್ರ ತಲುಪಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಎರಡು ಚಿಹ್ನೆಗಳ ಲೋಕವೂ ಬೇರೆ. ಜೋಡೆತ್ತು ಗದ್ದೆಗೆ ಸೇರಿದ್ದು. ತಕ್ಕಡಿ ಪೇಟೆಗೆ ಸೇರಿದ್ದು. ಕೊಡಗಿನ ರೈತ ಭತ್ತವನ್ನು ತೂಗುತ್ತಿರಲಿಲ್ಲ, ಭಟ್ಟಿಯ ಲೆಕ್ಕದಲ್ಲಿ ಅಳೆಯುತ್ತಿದ್ದ. ತಕ್ಕಡಿ ಕಾಣಿಸುತ್ತಿದ್ದುದು ಏಲಕ್ಕಿ, ಮೆಣಸು, ಜೇನು ಮಾರುವ ವಿರಾಜಪೇಟೆಯ ಅಂಗಡಿಯಲ್ಲಿ. ಅಲ್ಲಿ ಅದು ನ್ಯಾಯದ ಗುರುತಾಗಿರುವಷ್ಟೇ ತೂಕದ ಅನುಮಾನದ ಗುರುತೂ ಹೌದು. ಇಷ್ಟಾಗಿಯೂ ತಕ್ಕಡಿಗೆ ಒಂಬತ್ತು ಸ್ಥಾನಗಳು ಬಂದವು, ಜೋಡೆತ್ತಿಗೆ ಹದಿನೈದು. 1952ರ ಮಾರ್ಚ್‌ನಲ್ಲಿ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. ನಾಲ್ಕು ವರ್ಷಗಳ ಬಳಿಕ, ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ 1956ರ ನವೆಂಬರ್ 1ರಂದು ಆ ವಿಧಾನಸಭೆಯೇ ಇಲ್ಲವಾಯಿತು. ಎಳೆದಾಡಿದ ಪ್ರಶ್ನೆ ಪೆಟ್ಟಿಗೆಯಲ್ಲಿ ಇತ್ಯರ್ಥವಾಗಲಿಲ್ಲ, ಜನಮತಗಣನೆಯೂ ನಡೆಯಲಿಲ್ಲ. ಇಪ್ಪತ್ತನಾಲ್ಕು ಸದಸ್ಯರನ್ನು ಆರಿಸುತ್ತಿದ್ದ ನಾಡಿಗೆ ಈಗಿರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ಕ್ಷೇತ್ರಗಳು. ಕೊಡಗಿನ ರಾಜಕೀಯ ಮಾತುಗಳಲ್ಲಿ ಇಂದಿಗೂ ಕೇಳಿಬರುವ ಕೊರಗಿನ ಮೂಲ ಇಲ್ಲಿದೆ.

ಆದರೆ ಅದೇ ಚುನಾವಣೆ ಲೈನ್‌ಮನೆಯ ಕಡೆಯಿಂದ ನೋಡಿದರೆ ಬೇರೆಯಾಗಿ ಕಾಣುತ್ತದೆ. ದ್ವಿಸದಸ್ಯ ಕ್ಷೇತ್ರದಲ್ಲಿ ಪ್ರತಿ ಮತದಾರನಿಗೂ ಎರಡು ಮತಪತ್ರ. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಒಂದಕ್ಕೆ ಬೆಲೆಯಿಲ್ಲ. ತೋಟದ ಧಣಿಯ ಕೈಗೂ ಕೂಲಿಯ ಕೈಗೂ ಬಂದದ್ದು ಒಂದು ರೂಪಾಯಿ ನೋಟಿನಷ್ಟೇ ಅಗಲದ ಕಾಗದ. ಇಬ್ಬರ ಬೆರಳಿಗೂ ಒಂದೇ ಸೀಸೆಯ ಶಾಯಿ. ಹೆಬ್ಬೆಟ್ಟಿಗೂ ಈ ಶಾಯಿಗೂ ಇರುವ ಭೇದ ಇಲ್ಲಿಯೇ. ಶಾಯಿಯ ಗುರುತು ಅದನ್ನು ಹೊತ್ತವನು ಯಾರೆಂದು ಹೇಳುವುದಿಲ್ಲ. ಯಾರಿಗೆ ಮತ ಹಾಕಿದನೆಂಬುದನ್ನೂ ಹೇಳುವುದಿಲ್ಲ. ಅವನ ಪಾಲು ಸಂದಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮನುಷ್ಯನನ್ನು ಗುರುತಿಸಲು ಒಲ್ಲದ ಗುರುತು ಅದು.

ಈ ವ್ಯವಸ್ಥೆಗೆ ಒಂದು ದೊಡ್ಡ ತೂತಿತ್ತು ಎಂಬುದನ್ನೂ ಹೇಳಬೇಕು. ಕಾಗದದ ಮೇಲೆ ಗುರುತಿಲ್ಲದ್ದರಿಂದ ಅದನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿಟ್ಟು ಹೊರತಂದು ಬೇರೆಯವರಿಗೆ ಒಪ್ಪಿಸಬಹುದಿತ್ತು. ಧಣಿಯ ಅಂಗಳದಲ್ಲೇ ಮನೆಯಿರುವ ಕೂಲಿಗೆ ಇದು ಸಣ್ಣ ಅಪಾಯವಲ್ಲ. 1957ರ ಬಳಿಕ ಪೆಟ್ಟಿಗೆಗಳ ಪದ್ಧತಿಯನ್ನು ಕೈಬಿಟ್ಟು, ಎಲ್ಲ ಅಭ್ಯರ್ಥಿಗಳ ಹೆಸರು ಹಾಗೂ ಚಿಹ್ನೆಗಳಿರುವ ಒಂದೇ ಮತಪತ್ರದ ಮೇಲೆ ಮುದ್ರೆಯೊತ್ತುವ ಪದ್ಧತಿ ತರಲಾಯಿತು. 1962ರ ಚುನಾವಣೆ ಅದರಂತೆ ನಡೆಯಿತು. ಸರಕಾರವೇ ಅಚ್ಚುಹಾಕಿಸಿ ಮತಗಟ್ಟೆಯೊಳಗೆ ಮಾತ್ರ ಕೊಡುವ ಇಂಥ ಮತಪತ್ರ ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳಲ್ಲಿ 1856ರಲ್ಲಿ ಜಾರಿಗೆ ಬಂದದ್ದು. ಅಲ್ಲಿಂದ ಲೋಕವೆಲ್ಲ ಹರಡಿತು. ಜಪಾನಿನಲ್ಲಿ ಮತದಾರ ಅಭ್ಯರ್ಥಿಯ ಹೆಸರನ್ನು ಸ್ವತಃ ಬರೆಯಬೇಕು. ಭಾರತ ಹಾಗೆ ಮಾಡಿದ್ದರೆ 1952ರ ಕೊಡಗಿನ ಗದ್ದೆ ತೋಟಗಳಿಂದ ಎಷ್ಟು ಮತಗಳು ಬರುತ್ತಿದ್ದವು? ಚಿಹ್ನೆಯನ್ನು ಅನಕ್ಷರಸ್ಥರಿಗೆ ತೋರಿದ ಕನಿಕರವೆಂದು ಬಗೆಯುವುದು ಸರಿಯಲ್ಲ. ಓದು ಬಂದವರ ಆಳ್ವಿಕೆಗೆ ಹಾಕಿದ ತಡೆ ಅದು.

ಮುದ್ರೆಯ ಪದ್ಧತಿ ಕನ್ನಡಕ್ಕೊಂದು ಪದವನ್ನೂ ಕೊಟ್ಟಿತು. ಎರಡು ಗೆರೆಗಳ ನಡುವೆ ಬಿದ್ದ ಮುದ್ರೆ, ಮಡಿಸುವಾಗ ತಪ್ಪಿ ಮತ್ತೊಂದು ಕಡೆಗೆ ಅಂಟಿದ ಮಸಿ, ಇಂಥವುಗಳಿಂದ ಎಣಿಕೆಗೆ ಬಾರದೆ ಹೋದ ಮತವನ್ನು ಪತ್ರಿಕೆಗಳು ‘ಕುಲಗೆಟ್ಟ ಮತ’ ಎಂದು ಬರೆದವು. ಜಾತಿಯಿಂದ ಹೊರಹಾಕಲ್ಪಟ್ಟವನನ್ನು ಸೂಚಿಸುವ ಪದ, ಜಾತಿಭೇದವನ್ನು ಎಣಿಸದ ಒಂದು ವ್ಯವಸ್ಥೆಯೊಳಗೆ ಹೀಗೆ ಸದ್ದಿಲ್ಲದೆ ನುಸುಳಿ ಕೂತಿತು. ಯಂತ್ರ ಬಂದ ಮೇಲೆ ವಿಧಾನಸಭೆ, ಲೋಕಸಭೆಗಳ ಮಟ್ಟಿಗೆ ಪದ ಮರೆಯಾಗುತ್ತಿದೆ. ಗ್ರಾಮ ಪಂಚಾಯಿತಿಯಲ್ಲಿ ಹಾಗಲ್ಲ. ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಕರ್ನಾಟಕದಲ್ಲೆಲ್ಲ ಮತಪತ್ರದಲ್ಲೇ ನಡೆಯಿತು. ಬಿಟ್ಟಂಗಾಲದಂಥ ಪಂಚಾಯಿತಿಯ ಮತದಾರ ಒಂದು ಚುನಾವಣೆಯಲ್ಲಿ ಗುಂಡಿ ಒತ್ತಿ ಇನ್ನೊಂದರಲ್ಲಿ ಮುದ್ರೆ ಒತ್ತುತ್ತಾನೆ. ಎರಡು ಕಾಲಗಳು ಅವನ ಕೈಯಲ್ಲಿ ಜೊತೆಗೇ ಬದುಕಿವೆ.

ಶಾಯಿಯ ಕಡೆಗೆ ಮರಳಿದರೆ, ಅದರ ಸೂತ್ರ ಭಾರತದ ವೈಜ್ಞಾನಿಕ ಪ್ರಯೋಗಾಲಯಗಳಲ್ಲಿ ರೂಪುಗೊಂಡಿತು. ಆರಂಭದ ಕೆಲಸದಲ್ಲಿ ಹೆಸರು ಕೇಳಿಬರುವ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ 1951ರಲ್ಲಿ ಪಾಕಿಸ್ತಾನಕ್ಕೆ ತೆರಳಿದರು. 1962ರ ಚುನಾವಣೆಯಿಂದ ಶಾಯಿಯ ತಯಾರಿಕೆ ಮೈಸೂರಿನ ಪಾಲಾಯಿತು. ಅದನ್ನು ತಯಾರಿಸುವ ಸಂಸ್ಥೆಯನ್ನು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿಸಿದ್ದು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂಬ ಹೆಸರಿನಲ್ಲಿ. 1947ರಲ್ಲಿ ಸರಕಾರಿ ಸ್ವಾಮ್ಯಕ್ಕೆ ಬಂದು, 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಆಯಿತು. ಹೆಸರಿನಲ್ಲಿದ್ದ ‘ಲ್ಯಾಕ್’ ಎಂದರೆ ಅರಗು. ಕಾಡಿನ ಮರಗಳ ಮೇಲೆ ಕೀಟಗಳು ಕಟ್ಟುವ ಅರಗನ್ನು ಬಣ್ಣ, ಮುದ್ರೆಯರಗುಗಳಾಗಿ ಮಾಡುವುದು ಅದರ ಮೊದಲ ಉದ್ದೇಶ. ಭಾರತಕಥೆ ಕೇಳಿದ ಕನ್ನಡಿಗರಿಗೆ ಅರಗೆಂದರೆ ಮೊದಲು ನೆನಪಾಗುವುದು ಪಾಂಡವರನ್ನು ಸುಡಲು ಕಟ್ಟಿದ ಮನೆ. ಚನ್ನಪಟ್ಟಣದವರಿಗೆ ಬೊಂಬೆಯ ಬಣ್ಣ. ಚುನಾವಣೆಯ ಸಿಬ್ಬಂದಿಗೆ ಅದೇ ಅರಗು ಕರಗಿಸಿ ಒತ್ತಿದ ಮುದ್ರೆ. ಕಾಡಿನಿಂದ ಬಂದ ಪದಾರ್ಥವೊಂದು ರಾಜ್ಯದ ನಂಬಿಕೆಗೆ ಬೀಗವಾದ ಬಗೆ ಇದು.

ಶಾಯಿಯಲ್ಲಿ ಕೆಲಸ ಮಾಡುವುದು ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಡನೆ ಕೂಡಿ ನೀರಿಗೆ ಕರಗದ ಪದಾರ್ಥವಾಗಿ, ಬೆಳಕು ಬಿದ್ದಂತೆ ಕಪ್ಪೇರುತ್ತದೆ. ಚರ್ಮದ ಮೇಲಿನದು ಚರ್ಮ ಸವೆದಂತೆ ಹೋಗುತ್ತದೆ. ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ. ಪಪ್ಪಾಯಿಯ ಹಾಲು ಸವರಿದರೆ ಹೋಗುತ್ತದೆ, ಮೊದಲೇ ಎಣ್ಣೆ ಹಚ್ಚಿಕೊಂಡರೆ ಹಿಡಿಯುವುದಿಲ್ಲ ಎಂಬ ನಂಬಿಕೆಗಳು ಜನರಲ್ಲಿ ಹಬ್ಬಿವೆ. ಅಧಿಕಾರಿಗಳ ಕೈಪಿಡಿಯೂ ಎಣ್ಣೆಯ ಉಪಾಯವನ್ನು ಬಲ್ಲುದು: ಬೆರಳಲ್ಲಿ ಜಿಡ್ಡಿದ್ದರೆ ಬಟ್ಟೆಯಿಂದ ಒರೆಸಿ ಶಾಯಿ ಹಾಕತಕ್ಕದ್ದು. ಕಾನೂನು ಊನಾಂಗರನ್ನೂ ನೆನೆದಿದೆ. ಎಡಗೈಯ ತೋರುಬೆರಳಿಲ್ಲದಿದ್ದರೆ ಆ ಕೈಯ ಬೇರೊಂದು ಬೆರಳು; ಎಡಗೈಯಲ್ಲಿ ಬೆರಳುಗಳೇ ಇಲ್ಲದಿದ್ದರೆ ಬಲಗೈಯದು; ಎರಡರಲ್ಲೂ ಇಲ್ಲದಿದ್ದರೆ ಕೈಯ ಉಳಿದ ತುದಿ. 2006ರಿಂದ ಶಾಯಿಯನ್ನು ಚುಕ್ಕೆಯಾಗಿ ಇಡದೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆಯಾಗಿ ಎಳೆಯಲಾಗುತ್ತಿದೆ.

ಮೈಸೂರಿನ ಈ ಸೀಸೆ ಏಷ್ಯ ಮತ್ತು ಆಫ್ರಿಕಗಳ ಹಲವು ದೇಶಗಳಿಗೆ ಹೋಗಿದೆ. ಹೋದಲ್ಲೆಲ್ಲ ಅಲ್ಲಿನ ಕೈಗೆ ತಕ್ಕಂತೆ ರೂಪ ಬದಲಿಸಿದೆ. ಕಾಂಬೋಡಿಯ ಮತ್ತು ಮಾಲ್ಡೀವ್ಸ್‌ಗಳಲ್ಲಿ ಮತದಾರ ಬೆರಳನ್ನೇ ಸೀಸೆಯಲ್ಲಿ ಅದ್ದುತ್ತಾನೆ. ಅಫ್ಘಾನಿಸ್ತಾನಕ್ಕೆ ಹೋದದ್ದು ಗೆರೆ ಎಳೆಯುವ ಪೆನ್ನು. ನೇಪಾಳದಲ್ಲಿ ಹೆಬ್ಬೆರಳಿಗೂ ಶ್ರೀಲಂಕಾದಲ್ಲಿ ಕಿರುಬೆರಳಿಗೂ ಶಾಯಿ ಹಾಕುವ ರೂಢಿಯಿದೆ. ಶಾಯಿ ಸೋತ ಕಡೆ ಏನಾಗುತ್ತದೆಂಬುದಕ್ಕೆ ಎರಡು ನಿದರ್ಶನ ಸಾಕು. 2004ರ ಅಕ್ಟೋಬರಿನ ಅಫ್ಘಾನ್ ಅಧ್ಯಕ್ಷ ಚುನಾವಣೆಯಲ್ಲಿ ಕೆಲವೆಡೆ ಗುರುತು ಅಳಿಸಿಹೋಗುತ್ತಿದೆಯೆಂಬ ದೂರು ಎದ್ದು, ಹಲವು ಅಭ್ಯರ್ಥಿಗಳು ಮತದಾನದ ದಿನವೇ ಬಹಿಷ್ಕಾರದ ಮಾತಾಡಿದರು. ಮಲೇಷ್ಯ 2008ರಲ್ಲಿ ಶಾಯಿ ತರಿಸಿಕೊಂಡು ಮತದಾನಕ್ಕೆ ನಾಲ್ಕು ದಿನವಿರುವಾಗ ಬೇಡವೆಂದು ಕೈಬಿಟ್ಟಿತು. 2013ರ ಮೇ ತಿಂಗಳಲ್ಲಿ ಬಳಸಿದಾಗ, ತೊಳೆದರೆ ಹೋಗುತ್ತದೆಂಬ ಆರೋಪ ಇಡೀ ಫಲಿತಾಂಶದ ಮೇಲೆ ಅನುಮಾನ ಬೀಳುವಂತೆ ಮಾಡಿತು. ಒಂದು ಹನಿ ಬಣ್ಣ ನಿಲ್ಲದಿದ್ದರೆ ಸರಕಾರ ನಿಲ್ಲುವುದೂ ಕಷ್ಟ.

ಕನ್ನಡದಲ್ಲಿ ಮಸಿ ಅವಮಾನದ ಪದ. ಮುಖಕ್ಕೆ ಮಸಿ ಬಳಿಯುತ್ತಾರೆ, ಮನೆತನಕ್ಕೆ ಮಸಿ ಹಚ್ಚುತ್ತಾರೆ. ಕೆನ್ನೆಯ ದೃಷ್ಟಿಬೊಟ್ಟು, ಕಣ್ಣಿನ ಕಾಡಿಗೆಗಳನ್ನು ಬಿಟ್ಟರೆ ದೇಹದ ಮೇಲಿನ ಕಪ್ಪಿಗೆ ಒಳ್ಳೆಯ ಅರ್ಥ ಕಡಿಮೆ. ಅಂಥಲ್ಲಿ ಬೆರಳೆತ್ತಿ ಮಸಿಯ ಗುರುತನ್ನು ತೋರಿಸುವ ಹೆಮ್ಮೆ ಹುಟ್ಟಿದ್ದು ಮತಗಟ್ಟೆಯಿಂದ. ಆ ಗುರುತನ್ನು ಪ್ರಭುತ್ವ ಬೇರೆ ಕೆಲಸಕ್ಕೆ ಎಳೆದ ಸಂದರ್ಭಗಳೂ ಇವೆ. 2016ರ ನವೆಂಬರಿನಲ್ಲಿ ಹಳೆಯ ನೋಟು ಬದಲಿಸಲು ಬಂದವರ ಬೆರಳಿಗೆ ಬ್ಯಾಂಕುಗಳಲ್ಲಿ ಶಾಯಿ ಹಾಕಲಾಯಿತು. ಉಪಚುನಾವಣೆಗಳು ಎದುರಿಗಿದ್ದುದರಿಂದ ಚುನಾವಣಾ ಆಯೋಗ ಕಳವಳ ವ್ಯಕ್ತಪಡಿಸಿ ಹಣಕಾಸು ಸಚಿವಾಲಯಕ್ಕೆ ಬರೆಯಬೇಕಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯದಿಂದ ಮನೆಯೊಳಗಿರಬೇಕಾದವರ ಕೈಗೆ ಮುದ್ರೆ ಬಿದ್ದಿತು. ಅಲ್ಲಿ ಶಾಯಿ ಮತ್ತೆ ಹೆಬ್ಬೆಟ್ಟಿನ ಗುಣಕ್ಕೆ ಇಳಿದು, ಹೊತ್ತವನನ್ನು ತೋರಿಸಿಕೊಡುವ ಗುರುತಾಯಿತು.

ಇಷ್ಟೆಲ್ಲ ಸಾಮಗ್ರಿ ಕೆಲಸಕ್ಕೆ ಬರುವುದು ಹೆಸರು ಪಟ್ಟಿಯಲ್ಲಿದ್ದವರಿಗೆ ಮಾತ್ರ. ಮೊದಲ ಚುನಾವಣೆಯ ಪಟ್ಟಿಯಿಂದ ದೇಶದಲ್ಲಿ ಸುಮಾರು ಇಪ್ಪತ್ತೆಂಟು ಲಕ್ಷ ಹೆಂಗಸರು ಬಿಟ್ಟುಹೋದರು. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಲ್ಲದೆ ಸ್ವಂತ ಹೆಸರು ಹೇಳಲು ಅವರು ಒಪ್ಪಿರಲಿಲ್ಲ. ಹೆಣ್ಣು ಗಂಡೆನ್ನದೆ ಹೆಸರಿನ ಹಿಂದೆ ಒಕ್ಕದ ಹೆಸರಿರುವ ಕೊಡವರಿಗೆ ಪಟ್ಟಿಯ ಭಾಷೆ ಸಲೀಸು. ತೋಟದ ಲೈನ್‌ಮನೆಯಲ್ಲಿರುವ ಯರವ, ಜೇನುಕುರುಬ ಕುಟುಂಬಗಳ ವಿಳಾಸ ಮಾತ್ರ ಧಣಿಯ ವಿಳಾಸ. ಕೆಲಸ ಬಿಟ್ಟರೆ ಮನೆ ಹೋಯಿತು, ಮನೆ ಹೋದರೆ ‘ಸಾಮಾನ್ಯ ನಿವಾಸ’ ಹೋಯಿತು. ವಿರಾಜಪೇಟೆ ಕ್ಷೇತ್ರ 2008ರ ಪುನರ್ವಿಂಗಡಣೆಯವರೆಗೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಅಭ್ಯರ್ಥಿ ಆದಿವಾಸಿಯಾಗಿರಬೇಕೆಂಬ ನಿಯಮ ಆದಿವಾಸಿ ಮತದಾರನ ಸೂರನ್ನು ಗಟ್ಟಿಮಾಡಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲುಗಳನ್ನು ಕಳೆದುಕೊಂಡ ಆದಿವಾಸಿಗಳಿಗೆ ಬಳಿಕ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಕೊಡಲಾಯಿತು. ಅವು ಮಡಿಕೇರಿ ಕ್ಷೇತ್ರದ ಊರುಗಳು. ತಮಗಾದುದಕ್ಕೆ ವಿರಾಜಪೇಟೆಯ ಪ್ರತಿನಿಧಿಯನ್ನು ಮತದ ಮೂಲಕ ಪ್ರಶ್ನಿಸುವ ಅವಕಾಶ ಸೂರಿನೊಡನೆಯೇ ಕ್ಷೇತ್ರ ದಾಟಿ ಹೋಯಿತು.

ಹೆಬ್ಬೆಟ್ಟು ಇನ್ನೊಂದು ವೇಷದಲ್ಲಿ ಮರಳಿದೆ. ಪಡಿತರದ ಅಂಗಡಿಯ ಯಂತ್ರ ಕೇಳುವುದು ಬೆರಳಿನ ಗೆರೆಗಳನ್ನೇ. ಮರ ಕಪಾತು ಮಾಡಿ, ಕಾಫಿ ಕುಯ್ದು ಸವೆದ ಬೆರಳನ್ನು ಅದು ಎಷ್ಟೋ ಸಲ ಒಪ್ಪುವುದಿಲ್ಲ. ಮತಗಟ್ಟೆಯ ಸೀಸೆಗೆ ಅಂಥ ಹಟವಿಲ್ಲ. ಗೆರೆ ಸವೆದ ಬೆರಳಿಗೂ ಶಾಯಿ ಹಿಡಿಯುತ್ತದೆ.

2024ರ ಲೋಕಸಭಾ ಚುನಾವಣೆಗೆ ಮೈಸೂರಿನಿಂದ ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಸೀಸೆಗಳು ಹೊರಟವು. ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು ಏಳು ನೂರು ಬೆರಳುಗಳಿಗೆ ಸಾಕು. ಏಪ್ರಿಲ್ 26ರಂದು ಕೊಡಗಿನಲ್ಲಿ ಮತದಾನ ನಡೆದು, ಮೈಸೂರು-ಕೊಡಗು ಕ್ಷೇತ್ರದಿಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರು ಆರಿಸಿಬಂದರು. ಕಾರ್ಖಾನೆ ಕಟ್ಟಿದ ಮನೆತನದ ಕುಡಿಗೆ ಅದೇ ಕಾರ್ಖಾನೆಯ ಶಾಯಿ ಹಾಕಿಸಿಕೊಂಡ ಬೆರಳುಗಳಿಂದ ಸ್ಥಾನ ದೊರೆತದ್ದು ಚರಿತ್ರೆಯ ವಿನೋದಗಳಲ್ಲೊಂದು.

ಈಗಿನ ಮತಗಟ್ಟೆಯಲ್ಲಿ ಎರಡು ಬೆರಳುಗಳ ಚರಿತ್ರೆ ಒಂದೇ ಮೇಜಿನ ಮೇಲೆ ಕೂಡುತ್ತದೆ. ಎರಡನೆಯ ಮತಗಟ್ಟೆ ಅಧಿಕಾರಿಯ ಮುಂದೆ ಶಾಯಿಯ ಸೀಸೆಯೂ ಇದೆ, 17ಎ ನಮೂನೆಯ ರಿಜಿಸ್ಟರೂ ಇದೆ. ಸಹಿ ಬಾರದವರು ಅಲ್ಲಿ ಎಡಗೈ ಹೆಬ್ಬೆಟ್ಟು ಒತ್ತಬೇಕು. ಅದೇ ಕೈಯ ತೋರುಬೆರಳಿಗೆ ಶಾಯಿ ಹಾಕಿಸಿಕೊಳ್ಳಬೇಕು. ಮೂರನೆಯವರು ಬೆರಳು ನೋಡಿ ಯಂತ್ರವನ್ನು ಸಜ್ಜುಗೊಳಿಸುತ್ತಾರೆ. ಮರೆಯ ಹಿಂದೆ ಗುಂಡಿ ಒತ್ತಿ ಹೊರಬಂದ ಕೂಲಿಯ ಹೆಬ್ಬೆರಳಿನ ಮಸಿ ಅಂದೇ ಸಂಜೆ ಕೈ ತೊಳೆಯುವಾಗ ಹೋಗುತ್ತದೆ. ತೋರುಬೆರಳಿನದು ಮರುದಿನ ತೋಟದಲ್ಲಿ ಬಿಸಿಲಿಗೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ.